ಸತ್ತವಳು ಕುಣಿದ ಬೆಳಗು

ಹೆಣವನ್ನು ಬೋರಲು ತಿರುಗಿಸಿದೆವೋ ಇಲ್ಲವೋ, ನೀರಿನ ಚೊಂಬು ಹಿಡಿದಿದ್ದ ಹೆಂಗಸು "ಅಯ್ಯೋ ದೇವರೇ!" ಎಂದು ಗೋಡೆಗೆ ಸರಿದಳು.

"ಏನಾಯ್ತೇ? ಹೆಣ ನೋಡೋದು ಇದೇ ಮೊದಲಾ?"

"ಹೆಣ ನೋಡಿದೀನಿ ವಾಲ್ಬುರ್ಗಕ್ಕ. ಇಂಥ ಬೆನ್ನು ನೋಡಿಲ್ಲ. ಯಾರೋ ಚೆನ್ನಾಗಿ ಬಾರಿಸಿದ್ದಾರೆ."

ಬಾರಿಸಿದ್ದಲ್ಲ ಅದು. ಸ್ಟ್ರಾಸ್‌ಬರ್ಗ್ ನಗರಕ್ಕೆ ಪ್ರಮಾಣ ಮಾಡಿ ಮೂವತ್ತು ವರ್ಷದಿಂದ ಸೂಲಗಿತ್ತಿಯಾಗಿದ್ದೇನೆ. ಹುಟ್ಟುವವರನ್ನು ಹಿಡಿದುಕೊಳ್ಳುವುದು ನನ್ನ ಕೆಲಸ. ಸತ್ತ ಹೆಂಗಸರ ಮೈ ನೋಡಿ ಸಾವು ಹೇಗಾಯಿತೆಂದು ಹೇಳುವುದೂ ನನ್ನದೇ ಕೆಲಸ. ಗಂಡು ವೈದ್ಯರು ಹೆಣ್ಣು ಹೆಣದ ಬಟ್ಟೆ ಬಿಚ್ಚುವಂತಿಲ್ಲವಲ್ಲ!

ಸತ್ತ ಮೈಯಲ್ಲಿ ರಕ್ತ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ನಮ್ಮೆದುರು ಮಲಗಿದ್ದ ಎನ್ನೆಲಿನ್‌ಳ ಬೆನ್ನೆಲ್ಲ ನೇರಳೆಗಟ್ಟಿತ್ತು. ಆದರೆ ಆ ನೇರಳೆಯ ಮಧ್ಯೆ ಹೆಗಲಿನಿಂದ ಸೊಂಟದವರೆಗೆ ಅಡ್ಡಡ್ಡ ಬಿಳಿ ಪಟ್ಟಿಗಳು, ಒಂದೊಂದೂ ಎರಡು ಬೆರಳಗಲ. ಮೈ ಎಲ್ಲಿ ಗಟ್ಟಿಯಾಗಿ ಒತ್ತಿರುತ್ತದೋ ಅಲ್ಲಿಗೆ ರಕ್ತ ಇಳಿಯುವುದಿಲ್ಲ. ಈಕೆ ಸತ್ತ ಮೇಲೆ ಬಹಳ ಹೊತ್ತು ಮರದ ಪಟ್ಟಿಗಳ ಮೇಲೆ ಅಂಗಾತ ಮಲಗಿದ್ದಳು.

ಎಲ್ಲಿ? ನಿನ್ನೆ ಬೆಳಿಗ್ಗೆ ನೂರಾರು ಜನರ ಕಣ್ಣೆದುರು ಕುಣಿಯುತ್ತ ಕುಸಿದಳು ಎನ್ನುತ್ತಾರೆ. ಕುಸಿದವಳನ್ನು ನೇರ ತಂದು ಮಲಗಿಸಿದ್ದು ಈ ನುಣುಪು ಕಲ್ಲಿನ ಕಟ್ಟೆಯ ಮೇಲೆ. ಇಲ್ಲಿ ಯಾವ ಪಟ್ಟಿಯೂ ಇಲ್ಲ.

ಪಾದ ನೋಡಿದೆ. ಕುಣಿದು ಸತ್ತ ಆರು ಜನರ ಪಾದಗಳನ್ನು ಇದೇ ಕಣ್ಣಲ್ಲಿ ಕಂಡಿದ್ದೇನೆ, ಅಂಗಾಲಿನ ಚರ್ಮ ಕಿತ್ತು ಮಾಂಸ ಕಾಣುತ್ತಿತ್ತು. ಇವಳ ಅಂಗಾಲು ಮಗುವಿನ ಅಂಗಾಲಿನಷ್ಟು ಚೊಕ್ಕಟ. ಕಾಲ್ಬೆರಳ ಮೇಲ್ಭಾಗ ಮಾತ್ರ ತರಚಿತ್ತು, ಅದೂ ರಕ್ತ ಬರದ ಗಾಯ.

ಬಾಯಿಗೆ ಬೆರಳು ಹಾಕಿ ಬಿಡಿಸಿದೆ. ಮುಂದಿನ ಹಲ್ಲುಗಳ ಸಂದಿಯಲ್ಲಿ ನೀಲಿ ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು.

"ಅದೇನಕ್ಕ?"

"ಏನೂ ಇಲ್ಲ. ನೀರು ಹಾಕು. ಹೊರಗೆ ಹೋಗಿ ಊರು ತುಂಬ ಟಾಂಟಾಂ ಮಾಡಬೇಡ, ನಿನ್ನ ಮುಂದಿನ ಹೆರಿಗೆಗೆ ನಾನೇ ಬರಬೇಕು, ಜ್ಞಾಪಕ ಇರಲಿ."

ಎಳೆಯನ್ನು ಸೊಂಟದ ಚೀಲದೊಳಕ್ಕೆ ಸೇರಿಸಿದೆ. ಕಟ್ಟೆಯ ಪಕ್ಕದಲ್ಲಿ ನಗರದ ವೈದ್ಯ ಪಂಡಿತರು ಬರೆದಿಟ್ಟ ಚೀಟಿ ಇತ್ತು. ಬಿಸಿರಕ್ತ ತಲೆಗೇರಿ ಕುಣಿದು ಸತ್ತಳು, ಅಷ್ಟೆ. ಪಂಡಿತರು ಬಾಗಿಲ ಹೊರಗಿನಿಂದಲೇ ಬರೆದಿರಬೇಕು.

ಕುಣಿದು ಸತ್ತವರನ್ನು ನಮ್ಮೂರಲ್ಲಿ ಯಾರೂ ತೊಳೆಯುವುದಿಲ್ಲ. ಉಟ್ಟ ಬಟ್ಟೆಯಲ್ಲೇ ಸುಣ್ಣದ ಗುಂಡಿಗೆ. ಆದರೆ ಎನ್ನೆಲಿನ್ ಬಣ್ಣಗಾರರ ಸಂಘದ ಹಿರಿಯ ಡೀಬೋಲ್ಟನ ಹೆಂಡತಿ. ಹಿರಿಯನ ಹೆಂಡತಿ ಬೆವರಿನ ಬಟ್ಟೆಯಲ್ಲಿ ಮಣ್ಣಾಗುವುದೆಂದರೇನು, ಮರ್ಯಾದೆ ಬೇಡವೇ ಎಂದು ಸಂಘದ ಹೆಂಗಸರು ಜಗಳ ತೆಗೆದು ನನ್ನನ್ನು ಕರೆಸಿದ್ದರು. ಅವರು ಮರ್ಯಾದೆಗೆ ಬಡಿದಾಡದೆ ಇದ್ದಿದ್ದರೆ ಈ ಬೆನ್ನನ್ನು ಯಾರೂ ನೋಡುತ್ತಿರಲಿಲ್ಲ.

ಗೋಡೆಯಾಚೆ ಡೋಲು ಒಂದೇ ಸಮನೆ ಬಡಿಯುತ್ತಿತ್ತು. ನನ್ನ ಮಗಳು ಅಲ್ಲಿದ್ದಳು.

ಜುಲೈ ತಿಂಗಳಲ್ಲಿ ಒಬ್ಬಳು ಬೀದಿಯಲ್ಲಿ ನಿಲ್ಲಲಾರದೆ ಕುಣಿಯತೊಡಗಿದಳು, ಈಗ ಆ ಕುಣಿತ ಹಿಡಿದವರನ್ನು ಎಣಿಸಿದರೆ ಇನ್ನೂರು ದಾಟುತ್ತಾರೆ. ಇದು ಎಲ್ಲರಿಗೂ ಗೊತ್ತು. ನನಗೆ ಅರಗದ ಮಾತು ಬೇರೆ. ಕುಣಿತದ ಮದ್ದು ಕುಣಿತವೇ, ಬಿಸಿರಕ್ತ ಆರುವವರೆಗೆ ಕುಣಿಸಿಬಿಡಿ ಎಂದು ದೊಡ್ಡವರು ತೀರ್ಮಾನಿಸಿದರಲ್ಲ, ಅದು. ಗೋಡೆಯಾಚೆಯ ಬಣ್ಣಗಾರರ ಚಾವಡಿ ತೆರವು ಮಾಡಿಸಿದರು. ಡೋಲಿನವರನ್ನೂ ಕೊಳಲಿನವರನ್ನೂ ಕೂಲಿಗೆ ಕರೆತಂದರು. ಬಿದ್ದವರನ್ನು ಎತ್ತಿ ಹಿಡಿದು ಕುಣಿಸಲು ದೋಣಿಕಟ್ಟೆಯ ಗಟ್ಟಿ ಆಳುಗಳನ್ನು ನೇಮಿಸಿದರು. ಬೆಂಕಿ ಬಿದ್ದ ಮನೆಗೆ ಎಣ್ಣೆ ಹೊಯ್ದು ಆರಿಸುವ ಬುದ್ಧಿವಂತರು ನಮ್ಮೂರಲ್ಲಿ ಬಿಟ್ಟರೆ ಇನ್ನೆಲ್ಲೂ ಸಿಗಲಿಕ್ಕಿಲ್ಲ. ನಗರಸಭೆಯಲ್ಲಿ ಈ ಮದ್ದಿನ ಪರವಾಗಿ ಎಲ್ಲರಿಗಿಂತ ಜೋರಾಗಿ ಮಾತಾಡಿದವನು ಇದೇ ಡೀಬೋಲ್ಟ್.

ಚಾವಡಿಯೊಳಗೆ ಕಾಲಿಟ್ಟೆ. ಬೆವರು, ಉಚ್ಚೆ, ರಕ್ತ, ಬಣ್ಣದ ತೊಟ್ಟಿಯ ಕಮಟು. ನೆಲಕ್ಕೆ ಮರದ ಹೊಟ್ಟು ಚೆಲ್ಲಿದ್ದರು, ಅದೂ ಕೆಂಪಾಗಿ ಗಟ್ಟಿಕಟ್ಟಿತ್ತು.

ಒಡೀಲಿ ಕಿಟಕಿಯ ಹತ್ತಿರ ಇದ್ದಳು. ಹದಿನೆಂಟು ತುಂಬಿಲ್ಲ ಇನ್ನೂ. ಡೀಬೋಲ್ಟನ ಮನೆಯಲ್ಲೇ ಕೆಲಸಕ್ಕಿದ್ದವಳು. ಮೊನ್ನೆ ಸಂಜೆ ಬೀದಿಯಲ್ಲಿ ಹೋಗುತ್ತಿದ್ದ ಕುಣಿತದವರ ಗುಂಪಿಗೆ ನುಗ್ಗಿದಳಂತೆ, ಅಂದಿನಿಂದ ನಿಂತಿಲ್ಲ. ತುಟಿ ಒಡೆದಿತ್ತು. ಕೂದಲು ಕೆನ್ನೆಗೆ ಅಂಟಿತ್ತು. ಹಿಂದಿನಿಂದ ಆಳೊಬ್ಬ ಅವಳ ಕಂಕುಳಿಗೆ ಕೈ ಕೊಟ್ಟು ಎತ್ತಿ ಎತ್ತಿ ಇಳಿಸುತ್ತಿದ್ದ.

"ಒಡೀಲಿ, ನನ್ನ ಕಂದ, ನೀರು ಕುಡಿಯೇ."

ಕಣ್ಣು ನನ್ನ ಮೇಲೆ ಬಿತ್ತು, ಜಾರಿತು. ನೀರು ಗದ್ದದಿಂದ ಇಳಿದುಹೋಯಿತು. ಆರು ಜನರಲ್ಲಿ ಯಾರೂ ಐದನೇ ದಿನ ಕಂಡಿರಲಿಲ್ಲ. ಇವಳದು ಇವತ್ತಿಗೆ ಮೂರನೆಯದು. ಎಷ್ಟು ಮಕ್ಕಳನ್ನು ಈ ಕೈಯಲ್ಲಿ ಬದುಕಿಸಿದ್ದೇನೆ, ನನ್ನದೊಂದನ್ನು ನಿಲ್ಲಿಸಲಾಗಲಿಲ್ಲ.

ಮೂಲೆಯ ಪೀಠದಲ್ಲಿ ಡೀಬೋಲ್ಟ್ ಕೂತಿದ್ದ. ಕಪ್ಪು ತೊಟ್ಟಿದ್ದ. ಕೈಗೆ ಮಾತ್ರ ಮೊಣಕೈವರೆಗೆ ಆ ನೀಲಿ, ನಮ್ಮೂರ ನೀಲಿ ಬಣ್ಣಗಾರರಿಗೆ ಸತ್ತರೂ ಹೋಗದ ನೀಲಿ.

"ತೊಳೆದಾಯ್ತಾ ವಾಲ್ಬುರ್ಗಮ್ಮ?"

"ಆಯ್ತು ಯಜಮಾನ್ರೆ."

"ಬಹಳ ಒಳ್ಳೆಯವಳು ನನ್ನ ಎನ್ನೆಲಿನ್." ಕಣ್ಣೊರೆಸಿಕೊಂಡ. "ನಿಮ್ಮ ಹುಡುಗೀನೂ ನಮ್ಮ ಮನೆ ಮಗಳ ಥರ. ಒಂದೇ ಮನೆಯಿಂದ ಇಬ್ಬರು. ಏನು ಪಾಪ ಮಾಡಿದ್ನೋ!"

ಎಷ್ಟೋ ಸಾರಿ ಆ ಮನೆಗೆ ಹೋಗಿದ್ದೇನೆ. ಅಟ್ಟದಲ್ಲಿ ಅದ್ದಿದ ನೂಲನ್ನು ಆರಹಾಕುವ ದೊಡ್ಡ ಹಾಸು ಇದೆ, ನೀರು ಸೋರಿಹೋಗಲೆಂದು ಎರಡು ಬೆರಳಗಲದ ಮರದ ಪಟ್ಟಿ ಬಡಿದು ಮಾಡಿದ್ದು. ಒಂದೇ ಮನೆಯಿಂದ ಇಬ್ಬರು ಎಂದನಲ್ಲ, ಆ ಮನೆಯ ಅಟ್ಟದ ಪಟ್ಟಿಗಳೇ ಎನ್ನೆಲಿನ್‌ಳ ಬೆನ್ನಿನ ಮೇಲೆ ಮೂಡಿದ್ದವು. ಮುಖದಲ್ಲಿ ಏನೂ ತೋರಿಸಿಕೊಳ್ಳದೆ ಹೊರಬಂದೆ.

ಎನ್ನೆಲಿನ್‌ಳನ್ನು ಹಿಡಿದು ಕುಣಿಸಿದವನು ಮಾಟೆರ್ನ್. ಹೊಳೆದಂಡೆಯಲ್ಲಿ ದ್ರಾಕ್ಷಾರಸದ ಪೀಪಾಯಿ ಹೊರುವವನು. ಕೋಣದ ಕುತ್ತಿಗೆ, ಕೋಳಿಯ ಧೈರ್ಯ. ಊಟದ ಬಿಡುವಿನಲ್ಲಿ ಚಾವಡಿಯ ಹಿತ್ತಲಲ್ಲಿ ಕೂತು ರೊಟ್ಟಿಗೆ ಉಪ್ಪುಮೀನು ನಂಜಿಕೊಂಡು ತಿನ್ನುತ್ತಿದ್ದ. ಎದುರಿಗೆ ಹೋಗಿ ಕೂತೆ.

"ಏನಪ್ಪಾ ಮಾಟೆರ್ನ, ಚೆನ್ನಾಗಿ ಕುಣಿಸ್ತೀಯಂತೆ?"

"ಹೊಟ್ಟೆಪಾಡು ಅಕ್ಕ. ದೇವರಾಣೆ, ಇದಕ್ಕಿಂತ ಪೀಪಾಯಿ ಹೊರೋದೇ ವಾಸಿ. ಪೀಪಾಯಿ ಅಳಲ್ಲ."

"ನಿನ್ನೆ ಕುಣಿಸಿದ್ಯಲ್ಲ ಯಜಮಾನ್ತೀನ, ಅವಳೂ ಅಳಲಿಲ್ಲ ಅಲ್ವಾ?"

ಅಗಿಯುವುದು ನಿಂತಿತು.

"ಅಳಲಿಲ್ಲ, ಕಿರುಚಲಿಲ್ಲ, ಬೆವರಲೂ ಇಲ್ಲ. ಹೌದೋ ಅಲ್ವೋ?"

"ನಂಗೇನ್ ಗೊತ್ತು? ನೂರು ಜನ ಇರ್ತಾರೆ."

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ಇವಳು ಅದನ್ನೂ ಅನ್ನಲಿಲ್ಲ. ಯಾಕೆ ಹೇಳು?"

"ಅಕ್ಕಾ, ಸುಮ್ನೆ ಊಟ ಮಾಡೋಕೆ ಬಿಡು."

"ನಿನ್ನ ಹೆಂಡತಿ ಹೆರಿಗೇಲಿ ಮಗು ಅಡ್ಡ ಬಂದಾಗ ಎರಡು ದಿನ ಕೂತವಳು ಯಾರೋ? ನಾನು ಊಟ ಮಾಡಿದ್ನಾ ಆವತ್ತು? ಮುಖ ಎತ್ತು. ಅವಳ ಮೈ ತಣ್ಣಗಿತ್ತೋ ಇಲ್ವೋ?"

ರೊಟ್ಟಿ ಕೆಳಗಿಟ್ಟ. ಚಾವಡಿಯ ಬಾಗಿಲತ್ತ ತಿರುಗಿ ನೋಡಿ ದನಿ ತಗ್ಗಿಸಿದ. ನನಗೆ ಪಾಪ ಅನ್ನಿಸಿತು, ಸಿಟ್ಟೂ ಬಂತು.

"ಬೆಳಗಿನ ಗಂಟೆಗೆ ತಂದ್ರು ಅಕ್ಕ. ಯಜಮಾನ್ರೇ ಸ್ವತಃ. ಮೇಲಂಗಿ ಹೊದಿಸಿ, ಮುಖದ ಮೇಲೆ ಮುಸುಕು ಹಾಕಿ. 'ನನ್ನ ಹೆಂಡತಿಗೂ ಹಿಡೀತು, ರಾತ್ರಿಯೆಲ್ಲ ಮನೇಲೇ ಕುಣಿದಳು, ಈಗ ಬಿದ್ದಿದ್ದಾಳೆ, ಎತ್ತಿ ಹಿಡಿ, ನಿಲ್ಲಿಸಬೇಡ' ಅಂದ್ರು. ಮೈ ಮರದ ತುಂಡಿನ ಹಾಗೆ ಸೆಟೆದಿತ್ತು. ಆದ್ರೆ ಇಲ್ಲಿ ಸೆಟೆಯದೆ ಇರೋರು ಯಾರಿದ್ದಾರೆ ಹೇಳು? ಎಲ್ರದ್ದೂ ಸೆಳೆತ ಬಂದು ಹಾಗೇ ಇರುತ್ತೆ."

"ಆಮೇಲೆ?"

"ಎತ್ತಿದೆ. ಇಳಿಸಿದೆ. ಡೋಲು ಹೇಗೋ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ಕೈಗೆ ಗೊತ್ತಾಯ್ತು ಅಕ್ಕ. ಉಸಿರಿಲ್ಲ. ಎದೆ ಮೇಲೆ ನನ್ನ ಕೈ ಇತ್ತು, ಅಲ್ಲಿ ಏನೂ ಇಲ್ಲ."

"ಗೊತ್ತಾದ ಮೇಲೂ ಕುಣಿಸಿದೆಯಾ?"

"ಪೀಠದಿಂದ ಯಜಮಾನ್ರು ನನ್ನೇ ನೋಡ್ತಿದ್ರು. ಬಿದ್ದವರನ್ನ ಎತ್ತು ಅಂತ ನಮಗೆ ಹೇಳಿದ್ದಾರೆ. ಸತ್ತಿದ್ದಾರಾ ನೋಡು ಅಂತ ಯಾರು ಹೇಳಿದ್ದಾರೆ?" ಅಳುತ್ತಿದ್ದ. "ಡೋಲಿನವರು ಎರಡು ಸಲ ಬದಲಾಗೋವರೆಗೂ ಕುಣಿಸಿದೆ. ಪಕ್ಕದಲ್ಲಿ ಒಬ್ಬ ಮುದುಕ ಅವಳ ಕೈ ಹಿಡ್ಕೊಂಡು ಸುತ್ತಿದ. ಆಮೇಲೆ ಯಜಮಾನ್ರು ತಲೆ ಆಡಿಸಿದ್ರು. ಬಿಟ್ಟೆ. ಬಿದ್ದಳು. ಎಲ್ರೂ ಶಿಲುಬೆ ಗುರುತು ಹಾಕ್ಕೊಂಡ್ರು."

ಇಡೀ ಊರಿನ ಕಣ್ಣೆದುರು ಹೆಣ ಕುಣಿದಿತ್ತು. ಯಾರಿಗೂ ಗೊತ್ತಾಗಲಿಲ್ಲ. ಬದುಕಿದ್ದವರನ್ನೇ ಹೆಣದಂತೆ ಕುಣಿಸುತ್ತಿದ್ದಾಗ ಗೊತ್ತಾಗುವುದಾದರೂ ಹೇಗೆ?

"ನಗರಸಭೆ ಮುಂದೆ ಇದನ್ನೇ ಹೇಳ್ತೀಯಾ?"

"ಹೇಳಿದ್ರೆ ನೇಣಿಗೆ ಹಾಕೋದು ಯಾರ್ನ ಅಕ್ಕ? ಅವರನ್ನೋ, ನನ್ನನ್ನೋ?" ಎದ್ದು ನಿಂತ. "ಕಾಲಿಗೆ ಬೀಳ್ತೀನಿ. ನಾನು ಏನೂ ಹೇಳಿಲ್ಲ. ನೀನು ಏನೂ ಕೇಳಿಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಸಂಘದ ಹಿರಿಯನ ಮೇಲೆ ಕೊಲೆ ಹೊರಿಸಬೇಕಾದರೆ ಆಣೆ ಇಟ್ಟು ಹೇಳುವ ಇಬ್ಬರು ಬೇಕು. ನನ್ನ ಹತ್ತಿರ ಇದ್ದದ್ದು ಒಂದು ಹೆಣದ ಬೆನ್ನು, ಒಂದು ಎಳೆ ಉಣ್ಣೆ, ಬಾಯಿ ಬಿಡದ ಒಬ್ಬ ಕೂಲಿ. ವಿಚಾರಣೆ ಎಂದು ಶುರುಮಾಡಿದರೆ ವಾರಗಟ್ಟಲೆ ಎಳೆಯುತ್ತಾರೆ. ಅಷ್ಟರವರೆಗೂ ಡೋಲು ಬಡಿಯುತ್ತಲೇ ಇರುತ್ತದೆ. ನನ್ನ ಮಗಳಿಗೆ ಉಳಿದದ್ದು ಎರಡು ದಿನ.

ಕೊಲೆಗಾರ ಎಲ್ಲಿಗೂ ಓಡಿಹೋಗುವುದಿಲ್ಲ, ಆಮೇಲೆ ನೋಡಿಕೊಂಡರಾಯಿತು. ಮೊದಲು ಡೋಲು ನಿಲ್ಲಬೇಕು. ಹಾಗೆಂದು ತೀರ್ಮಾನಿಸಿದೆ. ತಾಯಿ ಬುದ್ಧಿ! ಯಾರ ತಾಯಿಯಾದರೂ ಹಾಗೇ ತೀರ್ಮಾನಿಸುತ್ತಿದ್ದಳು ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ನಗರಸಭೆಯ ಮೆಟ್ಟಿಲ ಮೇಲೆ ಕಾವಲಿನವನು ತಡೆದ. "ಹೆರಿಗೆ ಇಲ್ಲಿ ಯಾರಿಗೂ ಇಲ್ಲ ಅಜ್ಜಿ, ಆಮೇಲೆ ಬಾ."

"ನಿನ್ನ ಹೆತ್ತವಳ ಹೊಟ್ಟೆಯಿಂದ ನಿನ್ನನ್ನ ಎಳೆದವಳು ನಾನು. ಒಳಕ್ಕೇ ತಳ್ಳಬೇಕಿತ್ತು. ಸರಿ ಪಕ್ಕಕ್ಕೆ!"

ಸಭೆಯಲ್ಲಿ ಒಂದೇ ಮಾತು ಹೇಳಿದೆ. "ಸ್ವಾಮಿ, ನಿಮ್ಮ ಚಾವಡಿಯಲ್ಲಿ ಹೆಣ ಕುಣಿಸ್ತಿದ್ದಾರೆ. ಸತ್ತವರ್ಯಾರು ಬದುಕಿದವರ್ಯಾರು ಅಂತ ನೋಡದೆ ಎತ್ತಿ ಕುಣಿಸ್ತಿದ್ದಾರೆ. ಸುಳ್ಳಾದ್ರೆ ನನ್ನ ನಾಲಗೆ ಕತ್ತರಿಸಿ. ಬನ್ನಿ, ಎನ್ನೆಲಿನ್‌ಳ ಕಾಲು ನೋಡಿ."

ಇಬ್ಬರು ಬಂದು ನೋಡಿದರು. ಒಬ್ಬ ಹೊರಗೆ ಹೋಗಿ ವಾಂತಿ ಮಾಡಿಕೊಂಡ. ಅವಳು ಯಾವಾಗ ಸತ್ತಳೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆಣ ಕುಣಿಸಿದ ಊರು ಎಂಬ ಹೆಸರು ರೈನ್ ನದಿಯ ಉದ್ದಕ್ಕೂ ಹಬ್ಬಿದರೆ ಏನು ಗತಿ ಎಂಬುದಷ್ಟೇ ಅವರ ತಲೆಯಲ್ಲಿತ್ತು. ಸಂಜೆಯ ಗಂಟೆಗೆ ಮೊದಲೇ ಆಜ್ಞೆ ಬರೆದು ಮುದ್ರೆ ಒತ್ತಿದರು.

ಸಾರುವವನ ಹಿಂದೆಯೇ ಚಾವಡಿಗೆ ಓಡಿದೆ. ಆ ಓಟದಲ್ಲಿ ನನಗೆ ಎಷ್ಟು ಖುಷಿಯಾಗಿತ್ತೆಂದರೆ ಬೀದಿಯಲ್ಲಿ ಕಂಡವರಿಗೆಲ್ಲ ಕೈ ಬೀಸಿದೆ.

"ಕೇಳಿರಪ್ಪೋ ಕೇಳಿ! ಈ ಕ್ಷಣದಿಂದ ಊರೊಳಗೆ ಡೋಲು, ಕೊಳಲು, ತಾಳ, ಯಾವುದೂ ಕೂಡದು. ಮೀರಿದವರಿಗೆ ಸೆರೆ. ಹಿಡಿದು ಕುಣಿಸೋದು ಕೂಡದು. ಕುಣಿತ ಬಿಡದವರನ್ನ ನಾಳೆ ಗಾಡೀಲಿ, ಈ ರೋಗ ಕಳೆಯೋ ಬೆಟ್ಟದ ಸಂತ ವೀಟ್ ಸನ್ನಿಧಿಗೆ ಕಳಿಸ್ತಾರೆ. ವಾಸಿಯಾದವರನ್ನ ಅವರವರ ಮನೆ ಯಜಮಾನ ಇವತ್ತೇ ಕರ್ಕೊಂಡು ಹೋಗತಕ್ಕದ್ದು!"

ಡೋಲು ನಿಂತಿತು. ಮೂರು ವಾರದಿಂದ ಕೇಳಿ ಕೇಳಿ ಕಿವಿಗೆ ಒಗ್ಗಿಹೋಗಿದ್ದ ಸದ್ದು ನಿಂತಾಗ, ಇನ್ನೊಂದು ಸದ್ದು ಕೇಳಿಸಿತು. ಒದ್ದೆ ಪಾದಗಳು ಹೊಟ್ಟಿನ ಮೇಲೆ ಬಡಿಯುವ ಸದ್ದು. ಒಬ್ಬರೂ ನಿಲ್ಲಲಿಲ್ಲ. ಡೋಲಿಲ್ಲದೆ, ತಾಳವಿಲ್ಲದೆ, ಒಬ್ಬೊಬ್ಬರದು ಒಂದೊಂದು ದಿಕ್ಕಿಗೆ ಕುಣಿತ ನಡೆದೇ ಇತ್ತು.

ಆಳುಗಳು ಕೈಬಿಟ್ಟು ದೂರ ಸರಿದರು. ಒಡೀಲಿ ಮುಂದಕ್ಕೆ ವಾಲಿದಳು. ಓಡಿಹೋಗಿ ಎದೆಗೆ ಅಪ್ಪಿಕೊಂಡೆ. ಅವಳ ಬಾಯಿ ನನ್ನ ಕಿವಿಗೆ ತಾಗಿತು.

"ಅಮ್ಮಾ, ಡೋಲು ನಿಲ್ಲಿಸಿದ್ಯಾರು?"

ತೊದಲಲಿಲ್ಲ. ಕಣ್ಣು ನೆಟ್ಟಗಿತ್ತು. ಸಂಪೂರ್ಣ ಎಚ್ಚರದ ದನಿ.

"ನಾನೇ ಕಂದ. ನಿನ್ನ ಉಳಿಸೋಕೆ."

"ಅಯ್ಯೋ, ಯಾಕಮ್ಮಾ ನಿಲ್ಲಿಸ್ದೆ?" ನನ್ನ ತೋಳಲ್ಲೇ ಕಾಲು ಎತ್ತಿ ಹಾಕುತ್ತಿದ್ದಳು. "ನನಗೇನೂ ಹಿಡಿದಿಲ್ಲ. ಮೊನ್ನೆ ಸಂಜೆ ಅಟ್ಟಕ್ಕೆ ಹೋದೆ. 'ನಿಮ್ಮ ಮದ್ದಿನಿಂದಲೇ ಜನ ಸಾಯ್ತಿದ್ದಾರೆ, ನಾಳೆ ನಗರಸಭೆಗೆ ಹೋಗಿ ಹೇಳ್ತೀನಿ' ಅಂತ ಅಮ್ಮಾವ್ರು ಕೂಗಾಡ್ತಿದ್ರು. ಯಜಮಾನ್ರು ನೀಲಿ ಉಣ್ಣೆ ತಗೊಂಡು ಅಮ್ಮಾವ್ರ ಮುಖಕ್ಕೆ ಒತ್ತಿ ಹಿಡಿದ್ರು. ಬಿಡಲೇ ಇಲ್ಲಮ್ಮ. ತಿರುಗಿ ನನ್ನ ನೋಡಿದ್ರು."

"ಕೂಗಬಾರದಿತ್ತಾ? ನನ್ನ ಹತ್ರ ಓಡಿ ಬರಬಾರದಿತ್ತಾ?"

"ಹಿಂದೇನೇ ಓಡಿ ಬಂದ್ರು. ಬೀದೀಲಿ ಇವರು ಕುಣೀತಾ ಹೋಗ್ತಿದ್ರು, ಒಳಗೆ ನುಗ್ಗಿಬಿಟ್ಟೆ. ಕುಣಿಯೋರ ಮಾತು ಭೂತದ ಮಾತು, ಯಾರೂ ಕೇಳಲ್ಲ. ಅದಕ್ಕೇ ನನ್ನ ಬಿಟ್ಟಿದ್ದಾರೆ. ನಿನ್ನೆ ಬೆಳಿಗ್ಗೆಯಿಂದ ಎದುರಿಗೇ ಕೂತು ನೋಡ್ತಿದ್ದಾರಮ್ಮ, ನಿಜಾನಾ ಸುಳ್ಳಾ ಅಂತ. ಡೋಲು ಇದ್ದಾಗ ಆಗ್ತಿತ್ತು. ಈಗ ಕಾಲು ಏಳ್ತಿಲ್ಲ."

ನಿಜವಾಗಿ ಏಳಲಿಲ್ಲ. ಉಳಿದವರ ಕಾಲನ್ನು ಅದೇನೋ ಎತ್ತುತ್ತಿತ್ತು; ಇವಳ ಕಾಲನ್ನು ಎತ್ತಬೇಕಾದವಳು ಇವಳೇ. ಒಂದು ಪಾದ ಮೇಲೆದ್ದು ಅರ್ಧಕ್ಕೇ ಇಳಿಯಿತು. ಇಡೀ ಚಾವಡಿಯಲ್ಲಿ ನಿಂತುಬಿಟ್ಟವಳು ನನ್ನ ಮಗಳೊಬ್ಬಳೇ.

"ನಿಂತಳು! ಸೂಲಗಿತ್ತಿ ಮಗಳು ನಿಂತಳು!" ಬಾಗಿಲಲ್ಲಿ ಯಾರೋ ಕೂಗಿದರು. ಜನ ಮೊಣಕಾಲೂರಿದರು. ಪಾಪ, ಅವರಿಗೆ ಒಂದು ಪವಾಡ ಬೇಕಾಗಿತ್ತು.

ಡೀಬೋಲ್ಟ್ ಪೀಠದಿಂದ ಎದ್ದು ನಿಧಾನವಾಗಿ ಬಂದ. ಕಾವಲುಗಾರನನ್ನೂ ಜೊತೆಗೆ ಕರೆತಂದ.

"ಸಂತ ವೀಟ್ ಕಣ್ಣು ಬಿಟ್ಟ ವಾಲ್ಬುರ್ಗಮ್ಮ. ಹುಡುಗಿ ವಾಸಿಯಾದ್ಲು."

"ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ ಯಜಮಾನ್ರೆ."

"ಆಜ್ಞೆ ಕೇಳಲಿಲ್ವಾ? ಅವರವರ ಮನೆ ಯಜಮಾನ. ನವೆಂಬರಿನ ಮಾರ್ಟಿನ್ ಹಬ್ಬದವರೆಗೂ ಇವಳು ನನ್ನ ಮನೆ ಆಳು, ಮಾತಾಡಿ ಕೈಗೆ ಕೈ ಕೊಟ್ಟವರು ನೀವೇ." ದನಿಯಲ್ಲಿ ಎಷ್ಟು ಮರುಕ! "ಬಾ ಒಡೀಲಿ. ಮನೆಗೆ ಹೋಗೋಣ. ಮಲಗಿ ನಿದ್ದೆ ಮಾಡುವಂತೆ."

ನೀಲಿ ಕೈ ಅವಳ ಮೊಣಕೈ ಹಿಡಿಯಿತು. ಅವಳ ಉಗುರು ನನ್ನ ಬೆನ್ನಿಗೆ ನಾಟಿತು.

ಕೂಗಿ ಹೇಳಲೇ? ಎರಡು ದಿನ ಭೂತ ಹಿಡಿದಿದ್ದ ಹುಡುಗಿಯ ಮಾತು, ಅವಳ ತಾಯಿಯ ಮಾತು. ಯಾರು ನಂಬುತ್ತಾರೆ? ನಂಬುವಷ್ಟರಲ್ಲಿ ರಾತ್ರಿ ಕಳೆದಿರುತ್ತದೆ. ಆ ಮನೆಯಲ್ಲಿ.

"ವಾಸಿಯಾಗಿಲ್ಲ!" ಎಂದು ಕಿರುಚಿದೆ. "ಇವಳಿಗೆ ವಾಸಿಯಾಗಿಲ್ಲ. ನೋಡಿ, ಇನ್ನೂ ಹಿಡಿದಿದೆ."

ಅವಳನ್ನು ನನ್ನಿಂದ ದೂರ ತಳ್ಳಿದೆ. ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದೆ. ಒಂದು. ಎರಡು. ಒಂದು. ಎರಡು. ಒಡೀಲಿ ನನ್ನ ಮುಖ ನೋಡಿದಳು. ಅರ್ಥವಾಯಿತು ಅವಳಿಗೆ. ಒಡೆದ ಪಾದ ಮೇಲೆದ್ದಿತು, ಬಿತ್ತು, ಮತ್ತೆ ಎದ್ದಿತು. ನೋವಿಗೆ ಅವಳ ಬಾಯಿ ಸೊಟ್ಟಗಾಯಿತು. ನಾನು ಇನ್ನೂ ಜೋರಾಗಿ ತಟ್ಟಿದೆ.

"ಏಯ್ ಅಜ್ಜಿ! ತಾಳ ಕೂಡದು ಅಂತ ಈಗ ತಾನೇ ಸಾರಿದ್ದು ಕೇಳಿಲ್ವಾ?" ಕಾವಲುಗಾರ ಬಂದು ನನ್ನ ಎರಡೂ ಕೈಗಳನ್ನು ಹಿಡಿದು ಹಿಂದಕ್ಕೆ ತಿರುಚಿದ. "ಆಜ್ಞೆ ಅಂದ್ರೆ ಆಜ್ಞೆ."

ಡೀಬೋಲ್ಟ್ ನನ್ನ ಕಡೆ ನೋಡಿದ. ನನಗೆ ಎಲ್ಲ ತಿಳಿದಿದೆಯೆಂದು ಅವನಿಗೆ ಗೊತ್ತಾಯಿತು. ಮಗಳ ಮೊಣಕೈ ಬಿಟ್ಟು, ಹತ್ತಿರದ ಬೆಂಚನ್ನು ಕಾಲಲ್ಲಿ ಎಳೆದು ಅವಳೆದುರೇ ಹಾಕಿಕೊಂಡು ಕೂತ.

"ಕುಣೀಲಿ ಬಿಡಿ," ಎಂದ. "ಗಾಡಿ ಬರೋದು ನಾಳೆ ಬೆಳಿಗ್ಗೆ. ಅಷ್ಟರೊಳಗೆ ನಿಂತರೆ ಕರ್ಕೊಂಡು ಹೋಗ್ತೀನಿ."

ಹೊರಗೆ ಸಂಜೆಯ ಗಂಟೆ ಬಾರಿಸಿತು. ನನ್ನ ಕೈಗಳು ಕಾವಲುಗಾರನ ಮುಷ್ಟಿಯಲ್ಲಿದ್ದವು, ಮತ್ತು ನನ್ನ ಮಗಳು ನನ್ನನ್ನೇ ನೋಡುತ್ತ, ಯಾವ ತಾಳವೂ ಇಲ್ಲದೆ, ಒಂದೊಂದೇ ಕಾಲೆತ್ತಿ ಕುಣಿಯುತ್ತಿದ್ದಳು.